ನಡುಮೈದಾನಕ್ಕೆ ಹೆದರುವವನು

ಹಾರ್ಲನ್ ಬೆಂಡ್, ಮಿಸಿಸಿಪ್ಪಿ
20 ಫೆಬ್ರವರಿ 1983

ಪ್ರಿಯ ರೇಫರ್ಡ್,

ನಿನ್ನ ಕಾಗದ ತಲುಪಿತು. ಲೆವೆಲ್ ಸ್ಟ್ರಿಬ್ಲಿಂಗ್ ಬಗ್ಗೆ ವಿಚಾರಿಸಿದ್ದೀಯ. ಕಾಲೇಜು ಮುಗಿಸಿ ಊರಿಗೆ ಬಂದಿದ್ದಾನೆ, ವೃತ್ತಿಪರ ಫುಟ್‌ಬಾಲ್ ತಂಡಗಳು ಹುಡುಗರನ್ನು ಆರಿಸಿಕೊಳ್ಳುವ ಏಪ್ರಿಲ್‌ನ ಡ್ರಾಫ್ಟ್ ಆಗುವವರೆಗೆ ನಮ್ಮ ಶಾಲೆಯ ಮೈದಾನದಲ್ಲೇ ದಿನವೂ ಅಭ್ಯಾಸ. ನನ್ನ ಸಹಾಯಕ ಕೋಚ್ ಬರ್ಲ್ ಚೆಂಡು ಎಸೆಯುತ್ತಾನೆ. ಈ ತಿಂಗಳು ತಂಡಗಳಿಗೆ ಹುಡುಗರನ್ನು ಹುಡುಕಿಕೊಡುವ ನಿನ್ನಂಥ ಸ್ಕೌಟ್‌ಗಳು ಮೂವರು ಬಂದು, ಅವನ ಓಟಕ್ಕೆ ಗಡಿಯಾರ ಒತ್ತಿ, ಬರೆದುಕೊಂಡು ಹೋದರು. ನನ್ನ ಮೈದಾನದ ಕಟ್ಟಳೆ ನಿನಗೆ ಗೊತ್ತೇ ಇದೆ: ನನ್ನ ಹುಡುಗನ ಬಗ್ಗೆ ಏನು ಬರೆದುಕೊಂಡರೂ ಗೇಟು ದಾಟುವ ಮೊದಲು ಅವನೆದುರು ನಿಂತು ಅದನ್ನು ಬಾಯಿಬಿಟ್ಟು ಹೇಳಬೇಕು. ಒಬ್ಬ ಹೇಳಿದ, "ಮಗಾ, ನಿನ್ನ ಕಾಲು ಸಣ್ಣ." ಲೆವೆಲ್ "ಗೊತ್ತು ಸರ್, ಅಮ್ಮನದೂ ಹಾಗೇನೇ" ಅಂದ. ಇಬ್ಬರೂ ನಕ್ಕು ಕೈ ಕುಲುಕಿದರು.

ಈ ಕಟ್ಟಳೆಯಿಂದ ನಿನ್ನೊಬ್ಬನನ್ನು ಬಿಟ್ಟಿದ್ದೇನೆ. ಕಾಲೇಜಿನಲ್ಲಿ ಒಂದೇ ಕೋಣೆಯಲ್ಲಿ ನಾಲ್ಕು ವರ್ಷ ಮಲಗಿದವರು ನಾವು.

ಅವನ ವಿಷಯದಲ್ಲಿ ಮುಂದೆ ಹೊರಬಿದ್ದು ನಿನ್ನ ಮುಖಕ್ಕೆ ಹೊಡೆಯುವಂಥದ್ದೇನಾದರೂ ಇದೆಯೇ ಎಂದು ಕೇಳಿದ್ದೀಯ. ಒಂದು ಇದೆ. ನಿನ್ನಲ್ಲೇ ಇರಲಿ.

ಅವನ ದೊಡ್ಡಮ್ಮನ ಮಗ ಟೈರಿ ನೆನಪಿದ್ದಾನಲ್ಲ? ಲೆವೆಲ್‌ಗೆ ಚೆಂಡು ಹಿಡಿಯಲು ಕಲಿಸಿದವನೇ ಅವನು. ಒಂದು ಪಂದ್ಯದಲ್ಲಿ ನಡುಮೈದಾನಕ್ಕೆ ನುಗ್ಗಿ, ಹಿಂದಿನಿಂದ ಬರುವ ಚೆಂಡಿನ ಮೇಲೆ ಕಣ್ಣಿಟ್ಟು ಹಾರಿದಾಗ, ಎದುರಿನಿಂದ ಬಂದವನು ಅವನಿಗೆ ಕಾಣಲಿಲ್ಲ. ಕತ್ತು ಮುರಿಯಿತು. ಅಂದಿನಿಂದ ಗಾಲಿಕುರ್ಚಿ. ಒಂಬತ್ತನೇ ತರಗತಿಯ ಲೆವೆಲ್ ಗೆರೆಯ ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಿಂತು ಅದನ್ನು ನೋಡಿದ.

ಮರುವರ್ಷ ಇಡೀ ಋತು ಅವನು ನಡುವಿಗೆ ಹೋದರೆ ಕಾಲು ಓಡುತ್ತಿದ್ದವು, ಕೈ ಬರುತ್ತಿರಲಿಲ್ಲ. ಭುಜ ನೋವು ಎಂದು ಊರಿಗೆಲ್ಲ ಹೇಳಿ ಮುಚ್ಚಿದೆ. ಬರ್ಲ್ ಒಬ್ಬನಿಗೆ ಸಂಶಯವಿತ್ತು. ಲೆವೆಲ್‌ನ ಆ ಭಯ ಬಿಡಿಸಿದವನು ಟೈರಿಯೇ, ತಾನು ಏನನ್ನು ಬಿಡಿಸುತ್ತಿದ್ದೇನೆಂದು ಅರಿಯದೆ. ಗೆರೆಯ ಪಕ್ಕ ಕುರ್ಚಿಯಲ್ಲಿ ಕೂತು ದಿನವೂ ಕೂಗುತ್ತಿದ್ದ, "ಹದಿನೈದು ಯಾರ್ಡ್, ಒಳಕ್ಕೆ! ಕಣ್ಣು ಚೆಂಡಿನ ಮೇಲೆ, ಸೋಂಬೇರಿ!" ಒಂದು ದಿನ ಕೈ ಬಂದವು. ಅಂದಿನಿಂದ ಇಂದಿನವರೆಗೆ ನಡುವಿನಲ್ಲಿ ಅವನು ಹಿಂಜರಿದದ್ದನ್ನು ನಾನು ಕಂಡಿಲ್ಲ.

ಭಯವನ್ನೇ ಅರಿಯದವನಿಗಿಂತ ಭಯ ದಾಟಿ ಬಂದವನು ಮೇಲು ಎಂಬುದು ನನ್ನ ಲೆಕ್ಕ. ಅದಕ್ಕೇ ಬರೆದೆ. ಟೈರಿಗೆ ಮಾತ್ರ ಇದು ತಿಳಿಯಬಾರದು.

ನಿನ್ನ,
ಹೊಸೇಯಾ ಪರ್ನೆಲ್


ಶ್ರೀವ್‌ಪೋರ್ಟ್, ಲೂಸಿಯಾನಾ
9 ಮಾರ್ಚ್ 1983

ಪ್ರಿಯ ಹೊಸೇಯಾ,

ನಿಮ್ಮೂರಿಂದ ಹೊರಟಾಗ ನಿನ್ನ ಹೆಂಡತಿ ಕಟ್ಟಿಕೊಟ್ಟ ಕರಿದ ಮೀನು ಜಿಲ್ಲೆಯ ಗಡಿ ದಾಟುವಷ್ಟರಲ್ಲಿ ಮುಗಿಯಿತು. ಪೀಕನ್ ಪೈ ಮೋಟೆಲಿನವರೆಗೂ ಉಳಿಯಿತು, ನನ್ನ ಸಂಯಮ ನೋಡು.

ಹುಡುಗನ ಬಗ್ಗೆ ನಾನು ಬರೆದುಕೊಂಡದ್ದನ್ನು ನಿನಗೂ ಹೇಳುತ್ತೇನೆ. ನಲವತ್ತು ಯಾರ್ಡ್ ಓಟದಲ್ಲಿ ನನ್ನ ಗಡಿಯಾರಕ್ಕೆ ಅವನು ಸಾಧಾರಣ. ಆದರೆ ನಿನ್ನ ಮೈದಾನದ ಹುಲ್ಲು ಒದ್ದೆ, ಅವನ ಬೂಟು ಹಳೆಯದು. ಚೆಂಡನ್ನು ಎದೆಗೆ ತಾಗಿಸಿಕೊಳ್ಳದೆ ಬೆರಳಲ್ಲೇ ಹಿಡಿಯುತ್ತಾನೆ. ಎಲ್ಲಕ್ಕಿಂತ ಮುಖ್ಯ, ಕೈ ತಡವಾಗಿ ಎತ್ತುತ್ತಾನೆ. ಚೆಂಡು ಬರುತ್ತಿದೆ ಎಂಬುದು ಅವನ ಕೈ ನೋಡಿ ಎದುರು ತಂಡದ ಕಾವಲು ಆಟಗಾರನಿಗೆ ತಿಳಿಯುವುದೇ ಇಲ್ಲ. ಇದನ್ನು ಕಲಿಸಿ ಬರಿಸಲಾಗದು. ಈ ಐದು ರಾಜ್ಯಗಳಲ್ಲಿ ನಾನು ನೋಡಿದ, ಓಡಿ ಚೆಂಡು ಹಿಡಿಯುವ ಹದಿನಾಲ್ಕು ರಿಸೀವರ್‌ಗಳಲ್ಲಿ ಅವನೇ ಮೊದಲು.

ಇಪ್ಪತ್ತೆಂಟು ತಂಡಗಳು ಸರದಿಯಂತೆ ಒಬ್ಬೊಬ್ಬರನ್ನೇ ಕರೆಯುವಾಗ ನಮ್ಮ ತಂಡಕ್ಕೆ ಅವನು ಮೂರನೇ ಸುತ್ತಿನಲ್ಲಿ ಸಿಗಬೇಕು ಎಂದು ನನ್ನ ಮೇಲಿನವನಾದ ಹ್ಯಾಲೊರನ್‌ಗೆ ಹೇಳಿದ್ದೇನೆ. ಟೈರಿಯ ವಿಷಯ ವರದಿಯಲ್ಲಿ ಬರೆದಿಲ್ಲ.

ನಾನು ಗೇಟು ದಾಟುವಾಗ ಹುಡುಗ "ನೀವೇನೂ ಹೇಳ್ಲಿಲ್ಲವಲ್ಲ ಸರ್?" ಅಂದ. ನಿಮ್ಮ ಕೋಚ್‌ಗೆ ಹೇಳ್ತೀನಿ ಅಂದೆ. ಈ ಕಸುಬಿನಲ್ಲಿ ಮೆಚ್ಚಿದವನ ಎದುರು ಹಲ್ಲು ತೋರಿಸಬಾರದು ಕಣೋ. ಪಕ್ಕದಲ್ಲಿ ಬೇರೆ ತಂಡದವರು ಸದಾ ನೋಡುತ್ತಿರುತ್ತಾರೆ.

ನಿನ್ನ,
ರೇಫರ್ಡ್


ಹಾರ್ಲನ್ ಬೆಂಡ್
13 ಏಪ್ರಿಲ್ 1983

ರೇಫರ್ಡ್,

ಎರಡು ದಿನದಿಂದ ಫೋನ್ ಮಾಡುತ್ತಿದ್ದೇನೆ, ಎತ್ತುತ್ತಿಲ್ಲ. ಭಾನುವಾರದ ಪತ್ರಿಕೆಯ ತುಂಡು ಇದರೊಡನೆ ಇಟ್ಟಿದ್ದೇನೆ. ನೀನು ನೋಡಿರಬಹುದು. ಆದರೂ ಇನ್ನೊಮ್ಮೆ ಓದು. ಡ್ರಾಫ್ಟಿಗೆ ಹದಿನಾರು ದಿನ ಇರುವಾಗ ಅಚ್ಚಾದದ್ದು:

"ಹೆಸರು ಹೇಳಲೊಲ್ಲದ ಒಬ್ಬ ಸ್ಕೌಟ್ ಸ್ಟ್ರಿಬ್ಲಿಂಗ್ ಬಗ್ಗೆ ಹೇಳಿದ್ದು: ಹುಡುಗನಿಗೆ ಬೆರಳಿದೆ, ಎದೆಯಿಲ್ಲ. ಅಣ್ಣನ ಕತ್ತು ಮುರಿದದ್ದನ್ನು ಕಣ್ಣಾರೆ ಕಂಡವನು. ನಡುಮೈದಾನಕ್ಕೆ ಹೋದರೆ ಕಾಲು ಓಡುತ್ತವೆ, ಕೈ ಬರುವುದಿಲ್ಲ. ಅವನಿಗೆ ಹೆಜ್ಜೆ ಸದ್ದು ಕೇಳಿಸುತ್ತದೆ."

ಹೆಜ್ಜೆ ಸದ್ದು! ಚೆಂಡು ಬಿಟ್ಟು ಹೊಡೆಯಲು ಬರುವವನತ್ತ ನೋಡುವ ಹೇಡಿಗೆ ನಾವು ಹೇಳುವ ಮಾತು. ಅದನ್ನು ಲೆವೆಲ್‌ಗೆ!

ಟೈರಿಗೆ ಅದು ತಿಳಿದದ್ದು ಹೇಗೆ ಗೊತ್ತೇ? ಕ್ಷೌರದಂಗಡಿಯಲ್ಲಿ. ನಾನೂ ಅಲ್ಲಿದ್ದೆ. ಕ್ಷೌರದ ಲೂಥರ್ ಪತ್ರಿಕೆ ಎತ್ತಿಕೊಂಡು ಕುಣಿದ, "ಲೋ ಟೈರಿ, ನಿನ್ ತಮ್ಮನ ಹೆಸರು ಬಂದಿದೆ ಕಣೋ!"

"ಜೋರಾಗಿ ಓದು. ನನ್ ಸಾಲ ಕೇಳೋರೆಲ್ಲ ಕೇಳಿಸ್ಕೊಳ್ಳಿ, ಇನ್ನು ನಾವು ದೊಡ್ಡ ಮನುಷ್ಯರು."

ಲೂಥರ್ ಓದತೊಡಗಿ, ಅಣ್ಣನ ಕತ್ತು ಎಂಬಲ್ಲಿ ನಿಲ್ಲಿಸಿದ.

"ಯಾಕೆ ನಿಲ್ಲಿಸ್ದೆ? ಕನ್ನಡಕ ಬೇಕಾ?"

"ಇಲ್ಲ ಕಣೋ, ಅಚ್ಚು ಸರಿ ಇಲ್ಲ."

"ಇಡು ನನ್ ತೊಡೆ ಮೇಲೆ."

ಓದಿದ. ಆಮೇಲೆ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ ಕೇಳಿದ, "ಕೋಚ್, ಆ ವರ್ಷ ಭುಜ ನೋವು, ಭುಜ ನೋವು ಅಂತಿದ್ರಲ್ಲ. ಆ ನೋವು ನಾನೇನಾ?"

ಅಂದಿನಿಂದ ಅವನು ಮೈದಾನಕ್ಕೆ ಬಂದಿಲ್ಲ. ಲೆವೆಲ್ ಹೋಗಿ ಅವನ ಮನೆ ಬಾಗಿಲು ಬಡಿದರೆ "ಮಲಗಿದ್ದಾನೆ ಅಂತ ಹೇಳು" ಎಂದು ಒಳಗಿನಿಂದ ಟೈರಿಯದೇ ದನಿ ಕೇಳಿಸುತ್ತದೆ.

ಇದನ್ನು ಹೊರಗೆ ಹಾಕಿದವನು ಬರ್ಲ್ ಎಂದುಕೊಂಡೆ. ಅವನಲ್ಲದೆ ಇನ್ನಾರು? ಮಕ್ಕಳೆದುರೇ ಅವನ ಕೊರಳಪಟ್ಟಿ ಹಿಡಿದೆ, ಸೀಟಿ ಕಿತ್ತುಕೊಂಡೆ, ಗೇಟಿನಿಂದ ಹೊರಗೆ ಹಾಕಿದೆ. "ನನ್ ಮಗಳಾಣೆಗೂ ನಾನಲ್ಲ ಕೋಚ್" ಅಂತ ಗೋಗರೆದ. ಯಾರಿಗೆ ಹೇಳಿದನೋ! ನೀನು ಆ ಜನರ ಜತೆ ಕೂತು ಉಣ್ಣುವವನು. ಹೇಳಿದ ಸ್ಕೌಟ್ ಯಾರು? ನನಗೆ ಅವನ ಹೆಸರು ಬೇಕು. ಅವನು ನನ್ನ ಗೇಟಿಗೆ ಬರಲಿ, ಲೆವೆಲ್ ಕಣ್ಣಲ್ಲಿ ಕಣ್ಣಿಟ್ಟು ಅದೇ ಮಾತು ಹೇಳಲಿ.

ಹೊಸೇಯಾ


ಟಸ್ಕಲೂಸಾ, ಅಲಬಾಮಾ
16 ಏಪ್ರಿಲ್ 1983

ಪ್ರಿಯ ಹೊಸೇಯಾ,

ನೋಡಿದೆ. ನೋವಾಯಿತು. ಪ್ರತಿ ಏಪ್ರಿಲ್‌ನಲ್ಲೂ ಇಂಥ ಹೆಸರಿಲ್ಲದ ಮಾತುಗಳು ಬರುತ್ತವೆ. ಪತ್ರಿಕೆಯವರಿಗೆ ಕಾಲಂ ತುಂಬಬೇಕು, ಅಷ್ಟೆ. ತಂಡದವರು ಇದನ್ನೆಲ್ಲ ಲೆಕ್ಕಕ್ಕೆ ಇಡುವುದಿಲ್ಲ. ಅವರ ಬಳಿ ತಮ್ಮದೇ ವರದಿಗಳಿವೆ.

ಹೆಸರು ಹುಡುಕಲು ಹೋಗಬೇಡ. ಸಿಗುವುದೂ ಇಲ್ಲ. ಪತ್ರಿಕೆಗೆ ಎದುರು ಕಾಗದ ಬರೆಯಬೇಡ, ಬರೆದರೆ ಇನ್ನೊಂದು ವಾರ ಅದೇ ಸುದ್ದಿ ಓಡುತ್ತದೆ. ಡ್ರಾಫ್ಟ್ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡಿರು. ಹುಡುಗನೂ ಯಾರೊಂದಿಗೂ ಮಾತಾಡದಿರಲಿ.

ಮತ್ತೆ, ಬರ್ಲ್‌ನನ್ನು ವಾಪಸ್ ಕರೆಸು. ಪಾಪ, ಅವನದೇನೂ ತಪ್ಪಿಲ್ಲ.

ರೇಫರ್ಡ್


ಹಾರ್ಲನ್ ಬೆಂಡ್
19 ಏಪ್ರಿಲ್ 1983

ರೇಫರ್ಡ್ ಗ್ಯಾಂಟ್,

ಬರ್ಲ್‌ನದು ತಪ್ಪಿಲ್ಲ ಎಂಬುದು ನಿನಗೆ ಹೇಗೆ ಗೊತ್ತು?

ನಿನ್ನ ಕಾಗದ ಓದಿ, ಪತ್ರಿಕೆಯ ತುಂಡನ್ನು ಮತ್ತೆ ಓದಿದೆ. ಕಾಲು ಓಡುತ್ತವೆ, ಕೈ ಬರುವುದಿಲ್ಲ. ಅದು ನನ್ನ ಮಾತು. ಬರ್ಲ್ ಹಾಗೆ ಮಾತಾಡುವವನಲ್ಲ, ಅವನಿಗೆ ಬೈಗುಳ ಬಿಟ್ಟರೆ ಬೇರೆ ವಾಕ್ಯ ಬರುವುದಿಲ್ಲ. ಆ ಮಾತನ್ನು ನಾನು ಜನ್ಮದಲ್ಲಿ ಒಂದೇ ಸಲ, ಒಬ್ಬನಿಗೇ ಬರೆದದ್ದು.

ನನ್ನ ವಾಕ್ಯವನ್ನೂ ಬದಲಿಸುವ ಕಷ್ಟ ತೆಗೆದುಕೊಳ್ಳಲಿಲ್ಲವಲ್ಲೋ ನೀನು!

ಬರ್ಲ್ ಮನೆಗೆ ಹೋಗಿ ಅವನ ಹೆಂಡತಿ ಮಕ್ಕಳ ಎದುರು ತಲೆ ತಗ್ಗಿಸಿ ಬಂದೆ. ಸೀಟಿ ಕೊಟ್ಟೆ. ಅವನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದ, ಒಳಗೆ ಕರೆಯಲಿಲ್ಲ. ಅದು ನನ್ನ ಪಾಲು, ನಾನು ತಿನ್ನುತ್ತೇನೆ. ಈಗ ನಿನ್ನ ಪಾಲು. ಬರುವ ಭಾನುವಾರದ ಪತ್ರಿಕೆಯಲ್ಲಿ, ಹಾಗೆ ಹೇಳಿದವನು ನಾನು, ಅದು ಸುಳ್ಳು ಎಂದು ನಿನ್ನ ಹೆಸರು ಹಾಕಿ ಬರಬೇಕು. ಬರದಿದ್ದರೆ ಸೋಮವಾರ ನಾನೇ ಪತ್ರಿಕೆಯವರಿಗೆ ಫೋನ್ ಮಾಡಿ ನಿನ್ನ ಹೆಸರು ಹೇಳುತ್ತೇನೆ.

ಹೊಸೇಯಾ ಪರ್ನೆಲ್


ಟಸ್ಕಲೂಸಾ
21 ಏಪ್ರಿಲ್ 1983
(ತುರ್ತು ಅಂಚೆ)

ಹೊಸೇಯಾ,

ಬೈಯುವುದನ್ನೆಲ್ಲ ಆಮೇಲೆ ಬೈದುಕೋ. ಈಗ ಪೂರ್ತಿ ಓದು.

ಹೇಳಿದವನು ನಾನೇ. ಲೆವೆಲ್ ಬೇಡವೆಂದು ಹೇಳಿದ್ದಲ್ಲ, ಬೇಕೆಂದು ಹೇಳಿದ್ದು. ನಮಗಿಂತ ಮೊದಲು ಸರದಿ ಇರುವ ಎರಡು ತಂಡಗಳು ಅವನ ಮೇಲೆ ಕಣ್ಣು ಹಾಕಿದ್ದವು. ಒಂದು ತಂಡ ಎರಡನೇ ಸುತ್ತಿನಲ್ಲೇ ಎತ್ತಿಕೊಳ್ಳುವ ಅಂದಾಜಿತ್ತು. ಹ್ಯಾಲೊರನ್ ನನ್ನನ್ನು ಕರೆದು, "ಗ್ಯಾಂಟ್, ನಿನ್ ಹುಡುಗ ತೀರಾ ಹೊಳೀತಿದ್ದಾನೆ, ಸ್ವಲ್ಪ ಕೆಸರು ಎರಚು" ಅಂದ. ಇದು ಎಲ್ಲರೂ ಮಾಡುವ ಕೆಲಸ. ಬೇಕಾದವನನ್ನು ಪತ್ರಿಕೆಯಲ್ಲಿ ಹಳಿಯುವುದು, ಉಳಿದವರು ಹಿಂದೆ ಸರಿದ ಮೇಲೆ ಎತ್ತಿಕೊಳ್ಳುವುದು. ಬರಿಯ ಸುಳ್ಳು ಹೇಳಿದರೆ ಆ ಬರಹಗಾರ ನಂಬುವುದಿಲ್ಲ, ಇಪ್ಪತ್ತು ವರ್ಷದಿಂದ ನಮ್ಮ ಸುಳ್ಳು ತಿಂದು ಬದುಕಿದವನು. ಅದಕ್ಕೆ ಒಂದು ನಿಜದ ಚೂರು ಬೇಕಾಯಿತು.

ನಮ್ಮ ತಂಡಕ್ಕೆ ಹುಡುಗರನ್ನು ಆರಿಸುವ ಕೋಣೆಯಲ್ಲಿ ಕೂರುವ ಹನ್ನೊಂದು ಮಂದಿಯಲ್ಲಿ ಕರಿಯ ನಾನೊಬ್ಬನೇ. ಎರಡು ವರ್ಷದಿಂದ ನಾನು ಹೇಳಿದ ಹುಡುಗರನ್ನು ಬೇರೆಯವರು ಮೊದಲೇ ಎತ್ತಿಕೊಂಡರು, "ಗ್ಯಾಂಟ್ ಆರಿಸೋದು ಯಾವಾಗ್ಲೂ ಪಕ್ಕದ್ಮನೆಗೆ" ಎಂದು ನಗುತ್ತಾರೆ. ಈ ಸಲವೂ ಹಾಗಾದರೆ ನನ್ನ ಕುರ್ಚಿ ಇರುವುದಿಲ್ಲ.

ಈಗ ನೀನು ಬಾಯಿಬಿಟ್ಟರೆ ಕೆಸರು ನಮ್ಮದೇ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ನನ್ನ ಕೆಲಸ ಹೋಗುತ್ತದೆ, ಹುಡುಗನ ಪರ ಮಾತಾಡಲು ಆ ಕೋಣೆಯಲ್ಲಿ ಒಬ್ಬನೂ ಇರುವುದಿಲ್ಲ. ಸುಮ್ಮನಿದ್ದರೆ ಮಂಗಳವಾರ ಮೂರನೇ ಸುತ್ತಿನಲ್ಲಿ ಫೋನ್ ಬರುತ್ತದೆ. ಬಂದ ಮಾರನೇ ದಿನವೇ ನಾನು ಟೈರಿ ಮನೆಗೆ ಹೋಗಿ ಎಲ್ಲ ಹೇಳುತ್ತೇನೆ.

ನಾಲ್ಕು ದಿನ, ಹೊಸೇಯಾ.

ರೇಫರ್ಡ್


ಹಾರ್ಲನ್ ಬೆಂಡ್
28 ಏಪ್ರಿಲ್ 1983

ಗ್ಯಾಂಟ್,

ಸುಮ್ಮನಿದ್ದೆ. ಸೋಮವಾರ ಫೋನಿನ ಮುಂದೆ ಕೂತು, ಕೈಯಲ್ಲಿ ಪತ್ರಿಕೆಯ ನಂಬರ್ ಹಿಡಿದು ಸುಮ್ಮನಿದ್ದೆ. ನಿನ್ನ ಕೆಲಸ ಉಳಿಸಲು ಅಲ್ಲ.

ಮಂಗಳವಾರ ಅರ್ಲೀನ್ ಸ್ಟ್ರಿಬ್ಲಿಂಗ್ ಮಗನಿಗಾಗಿ ಬೆಳಗ್ಗೆಯಿಂದ ಅಡುಗೆ ಮಾಡಿದ್ದಳು. ಹ್ಯಾಮ್, ಸೊಪ್ಪು, ಜೋಳದ ರೊಟ್ಟಿ, ಚರ್ಚಿನಿಂದ ತಂದ ಮಡಿಚುವ ಕುರ್ಚಿಗಳು. ಟೈರಿಯನ್ನು ಅವನ ತಾಯಿ ಒತ್ತಾಯದಿಂದ ಕರೆತಂದು ಬಾಗಿಲ ಹತ್ತಿರ ಕುರ್ಚಿ ನಿಲ್ಲಿಸಿದ್ದಳು, ಯಾರತ್ತಲೂ ನೋಡದೆ ಕೂತಿದ್ದ. ಮೂರನೇ ಸುತ್ತಿನ ಹೊತ್ತಿಗೆ ಎಲ್ಲರೂ ತಿನ್ನುವುದು ನಿಲ್ಲಿಸಿದರು. ನಿಮ್ಮ ಸರದಿ ಬಂತು. ರೇಡಿಯೋದಲ್ಲಿ ನಿಮ್ಮ ತಂಡದ ಹೆಸರು ಹೇಳಿದರು. ಆಮೇಲೆ ಓಹಿಯೋದ ಯಾವನೋ ಒಬ್ಬ ರಿಸೀವರ್‌ನ ಹೆಸರು ಹೇಳಿದರು.

ಲೆವೆಲ್ ನನ್ನ ಕಡೆ ನೋಡಿದ. ಅವನಿಗೆ ನಾನು ನಿನ್ನ ಮಾತು ಹೇಳಿಬಿಟ್ಟಿದ್ದೆ. ಮೂರನೇ ಸುತ್ತು ಮಗಾ, ನಂಬು ಅಂದಿದ್ದೆ.

ಹನ್ನೆರಡು ಸುತ್ತೂ ಮುಗಿದವು. ಎರಡು ದಿನದಲ್ಲಿ ಫೋನ್ ಗಂಟೆ ಬಡಿದದ್ದು ಒಂದೇ ಸಲ. ಲೆವೆಲ್ ಹಾರಿ ಎತ್ತಿದ. ಶುಕ್ರವಾರ ಒಂದು ಸಾವಿನ ಕಾರ್ಯವಿದೆ, ಕುರ್ಚಿ ಯಾವಾಗ ವಾಪಸ್ ಎಂದು ಚರ್ಚಿನವರು ಕೇಳಿದರು. "ಈಗ್ಲೇ ತಂದ್ಕೊಡ್ತೀನಿ ಮೇಡಂ" ಅಂದ. ಒಬ್ಬನೇ ಎಲ್ಲವನ್ನೂ ಮಡಿಚಿ ಗಾಡಿಗೆ ಹಾಕಿದ. ಸಹಾಯಕ್ಕೆ ಹೋದ ನನಗೆ "ಬೇಡ ಕೋಚ್" ಅಂದ. ಅಷ್ಟೇ.

ಎರಡನೇ ಸುತ್ತಿನಲ್ಲಿ ಎತ್ತಿಕೊಳ್ಳಲಿದ್ದ ತಂಡವನ್ನು ನೀನೇ ಓಡಿಸಿದೆ, ಅದನ್ನು ನಿನ್ನ ಕೈಬರಹದಲ್ಲೇ ಬರೆದು ಕಳಿಸಿದ್ದೀಯ. ನಿಮಗೆ ಬೇಕಾಗಿದ್ದ ಎಂದೂ ಬರೆದಿದ್ದೀಯ. ಹಾಗಾದರೆ ಆ ಕೋಣೆಯಲ್ಲಿ ಏನಾಯಿತು? ಸುತ್ತಿ ಬಳಸದೆ ಹೇಳು.

ಹೊಸೇಯಾ ಪರ್ನೆಲ್


ಮೊಬೈಲ್, ಅಲಬಾಮಾ
4 ಮೇ 1983

ಹೊಸೇಯಾ,

ಸುತ್ತಿ ಬಳಸದೆ ಹೇಳುತ್ತೇನೆ.

ಗೋಡೆಯ ಹಲಗೆಯ ಮೇಲೆ ಅವನ ಹೆಸರಿನ ಚೀಟಿ ಮೂರನೇ ಸಾಲಿನ ತುದಿಯಲ್ಲಿತ್ತು. ನಮ್ಮ ಸರದಿ ಬಂತು. ಅವನು ಇನ್ನೂ ಉಳಿದಿದ್ದ, ಎಲ್ಲರೂ ಹೆದರಿ ಬಿಟ್ಟಿದ್ದರು. ನಾನು ಎದ್ದು ನಿಂತೆ. ಹ್ಯಾಲೊರನ್ ಚೀಟಿಗೆ ಕೈ ಹಾಕಿ, ನಿಲ್ಲಿಸಿ, ಕೇಳಿದ, "ಗ್ಯಾಂಟ್, ಆ ಅಣ್ಣನ ಕಥೆ ನೀನು ಕಟ್ಟಿದ್ದಲ್ವಾ?"

"ಕಟ್ಟಿದ್ದಲ್ಲ ಸರ್. ಅಣ್ಣ ಇದ್ದಾನೆ. ಆದ್ರೆ..."

"ಅಂದ್ರೆ ನಿಜಾನಾ?"

"ಒಂದು ವರ್ಷ ಇತ್ತು ಸರ್, ಹುಡುಗ ಹದಿನೈದು ವರ್ಷದವನಾಗಿದ್ದಾಗ. ಆಮೇಲೆ..."

"ಲೋ, ಕೆಸರು ಎರಚು ಅಂದ್ರೆ ಒಳಗಿನ ಕಲ್ಲು ತೆಗೆದು ಎಸೀ ಅಂದಿದ್ನಾ? ನಿಜ ಇದ್ದದ್ದು ನನ್ ವರದೀಲಿ ಯಾಕಿಲ್ಲ?"

ಆ ಕೋಣೆಯಲ್ಲಿ 'ಆದರೆ' ಎಂಬುದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಚೀಟಿ ತೆಗೆದು ಮೇಜಿನ ಮೇಲೆ ಮಗುಚಿ ಹಾಕಿದ. ನಾನು ಇನ್ನೂ ಕಿರುಚಬಹುದಿತ್ತು. ಕೂತೆ.

ಕೋಪ ನನಗೂ ಇದೆ, ನಿನ್ನ ಮೇಲೂ. ಭುಜ ನೋವು ಎಂದು ಊರಿಗೆಲ್ಲ ಸುಳ್ಳು ಹೇಳಿದವನು ನೀನು. ಅಂದೇ ನಿಜ ಹೇಳಿದ್ದರೆ ಇವತ್ತು ಅದರಲ್ಲಿ ಪತ್ರಿಕೆಗೆ ಹಾಕುವಂಥದ್ದು ಏನಿರುತ್ತಿತ್ತು? ನಿನ್ನ ಗೇಟಿನ ಕಟ್ಟಳೆ ಬೇರೆಯವರಿಗೆ ಮಾತ್ರ. ಟೈರಿಯ ಎದುರು ನಿಂತು ಹೇಳಬೇಕಾದದ್ದನ್ನು ನೀನೂ ಹೇಳಲಿಲ್ಲ.

ಈಗ ಕೆಲಸದ ಮಾತು. ಕರೆಯದೆ ಉಳಿದ ಹುಡುಗರನ್ನು ಬೇಸಿಗೆಯ ಶಿಬಿರಕ್ಕೆ ಪರೀಕ್ಷೆಗೆ ಕರೆಸಬಹುದು. ಹ್ಯಾಲೊರನ್‌ನನ್ನು ಒಪ್ಪಿಸಿದ್ದೇನೆ. ಲೆವೆಲ್‌ನನ್ನು ನಮ್ಮ ಶಿಬಿರಕ್ಕೆ ಕಳಿಸು. ನಾನು ಈಗಲೂ ಅವನನ್ನೇ ಮೊದಲಿಗೆ ಇಡುತ್ತೇನೆ.

ರೇಫರ್ಡ್


ಹಾರ್ಲನ್ ಬೆಂಡ್
10 ಸೆಪ್ಟೆಂಬರ್ 1983

ಶ್ರೀ ರೇಫರ್ಡ್ ಗ್ಯಾಂಟ್ ಅವರಿಗೆ,

ನಿಮ್ಮ ನಾಲ್ಕು ಕಾಗದಗಳು ಬಂದಿವೆ. ಬೇಸಿಗೆಯಲ್ಲಿ ಉತ್ತರಿಸಲಿಲ್ಲ. ಉತ್ತರಿಸಲು ನನ್ನ ಬಳಿ ಇದ್ದದ್ದು ಬೈಗುಳ ಮಾತ್ರ.

ಟೈರಿಯ ವಿಷಯದಲ್ಲಿ ನೀವು ಬರೆದದ್ದು ಸರಿ. ಅದನ್ನು ಓದಿದ ಮಾರನೇ ದಿನ ಹೋಗಿ ಅವನೆದುರು ಕೂತು ಹೇಳಿದೆ. "ಆರು ವರ್ಷ ತಡ ಮಾಡಿದ್ರಿ ಕೋಚ್" ಅಂದ. ಬಾಗಿಲು ತೋರಿಸಿದ. ಅವನು ಹೇಳಿದ್ದು ಸರಿ. ನಾನು ಹೊರಟೆ.

ಲೆವೆಲ್ ನಿಮ್ಮ ಶಿಬಿರಕ್ಕೆ ಬರಲಿಲ್ಲ, ಉತ್ತರದ ಇನ್ನೊಂದು ತಂಡಕ್ಕೆ ಹೋದ. ಅಲ್ಲಿನ ಕಾವಲು ಆಟಗಾರರೂ ಪತ್ರಿಕೆ ಓದುತ್ತಾರೆ. ಮೊದಲ ದಿನ ಊಟದ ಸಾಲಿನಲ್ಲಿ ಅವನ ಹಿಂದೆ ನಿಂತು ಬೂಟು ಕುಟ್ಟಿದರಂತೆ, ಟಪ್, ಟಪ್. "ಕೇಳಿಸ್ತೇನೋ, ಮಿಸಿಸಿಪ್ಪಿ?" ಅಂದರಂತೆ. ಅವನು ಏನು ಮಾಡಿದ ಗೊತ್ತೇ? ಎಲ್ಲಿಗೆ ಓಡು ಎಂದರೂ ನಡುವಿಗೇ ಓಡತೊಡಗಿದ. ಬುದ್ಧಿಯಿರುವ ಯಾವ ರಿಸೀವರ್ ಆದರೂ ಹೊಡೆತ ತಪ್ಪಿಸಲು ಬಗ್ಗಬೇಕಾದ ಕಡೆ ಬಗ್ಗಲಿಲ್ಲ, ಬಿಡಬೇಕಾದ ಚೆಂಡು ಬಿಡಲಿಲ್ಲ. ಅವರ ಕೋಚ್ ನನಗೆ ಫೋನ್ ಮಾಡಿದ, "ನಿಮ್ ಹುಡುಗನಿಗೆ ಸಾಯೋ ಆಸೇನಾ? ಅದ್ಯಾವನು ಇವನನ್ನ ಹೆದರುಪುಕ್ಕಲ ಅಂದದ್ದು?" ನಾನು ಗೊತ್ತಿಲ್ಲ ಎಂದೆ. ನಿಮಗಾಗಿ ನಾನು ಹೇಳಿದ ಕೊನೆಯ ಸುಳ್ಳು ಅದು.

ಆಗಸ್ಟ್ 20ರಂದು ದವಡೆ ಎರಡು ಕಡೆ ಮುರಿಯಿತು. ಚೆಂಡು ಕೈಯಲ್ಲೇ ಇತ್ತಂತೆ, ಬಿಡಿಸಲು ಇಬ್ಬರು ಬೇಕಾಯಿತಂತೆ. ಈಗ ಮನೆಯಲ್ಲಿದ್ದಾನೆ. ಹಲ್ಲಿಗೆ ತಂತಿ ಬಿಗಿದಿದ್ದಾರೆ, ತಾಯಿ ಕುದಿಸಿದ ಗಂಜಿಯನ್ನು ಕೊಳವೆಯಲ್ಲಿ ಹೀರುತ್ತಾನೆ. ಮುಂದಿನ ಬೇಸಿಗೆಗೆ ಮತ್ತೆ ಬಾ ಎಂದು ಆ ತಂಡದವರು ಹೇಳಿದ್ದಾರೆ. ಹೇಳಿದ್ದನ್ನು ನಡೆಸುವ ಜನವೋ ಅಲ್ಲವೋ, ನಿಮ್ಮ ಕಸುಬು ನಿಮಗೆ ಗೊತ್ತು.

ನೀನು ಯಾರಿಗೂ ಏನೂ ತೋರಿಸಬೇಕಾಗಿಲ್ಲ ಎಂದು ನಾನು ಅವನಿಗೆ ಹೇಳಿದೆ. ಪಾಟಿಯ ಮೇಲೆ ಬರೆದು ತೋರಿಸಿದ: "ಅಂದವರು ಯಾರು ಅಂತ ಗೊತ್ತಿದ್ರೆ ಅವರಿಗೊಬ್ಬರಿಗೆ ತೋರಿಸ್ತಿದ್ದೆ. ಗೊತ್ತಿಲ್ಲ, ಅದಕ್ಕೆ ಎಲ್ಲರಿಗೂ ತೋರಿಸಬೇಕು."

ಇನ್ನು ಮುಚ್ಚಿಡುವುದಿಲ್ಲವೆಂದು ಟೈರಿಯ ಮನೆ ಮೆಟ್ಟಿಲ ಮೇಲೆ ತೀರ್ಮಾನಿಸಿಯೂ ಇಷ್ಟು ದಿನ ಮುಚ್ಚಿಟ್ಟವನು ನಾನು. ಲೆವೆಲ್‌ಗೂ ಟೈರಿಗೂ ನಿಮ್ಮ ಹೆಸರು ಹೇಳಿದೆ.

ನನ್ನ ಹಳೆಯ ವಿದ್ಯಾರ್ಥಿ ವರ್ನನ್ ಡೂಪ್ರೀ ಈಗ ಕಾಲೇಜಿನ ಕೊನೆಯ ವರ್ಷದಲ್ಲಿದ್ದಾನೆ, ಅವನ ಬಗ್ಗೆ ಕೇಳಲು ಅಕ್ಟೋಬರಿನಲ್ಲಿ ಬರುತ್ತೇನೆ ಎಂದು ಬರೆದಿದ್ದೀರಿ. ಬನ್ನಿ. ಗೇಟಿನ ಕಟ್ಟಳೆ ಇನ್ನು ಮುಂದೆ ನಿಮಗೂ ಇದೆ. ಲೆವೆಲ್ ಬಗ್ಗೆ ನೀವು ಪತ್ರಿಕೆಗೆ ಹೇಳಿದ್ದನ್ನು ಮೊದಲು ಅವನೆದುರು, ಟೈರಿಯೆದುರು ಹೇಳಿ. ಆಮೇಲೆ ವರ್ನನ್ ವಿಷಯ.

ಹೊಸೇಯಾ ಪರ್ನೆಲ್


ಜ್ಯಾಕ್ಸನ್, ಮಿಸಿಸಿಪ್ಪಿ
14 ಅಕ್ಟೋಬರ್ 1983

ಹೊಸೇಯಾ,

'ನೀವು' ಎಂದು ಬರೆದಿದ್ದೀಯ. ಮೂವತ್ತು ವರ್ಷದಲ್ಲಿ ಮೊದಲ ಸಲ. ದವಡೆಯ ಸುದ್ದಿಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಅದೇ, ಅದಕ್ಕೂ ನನ್ನನ್ನು ಬೈದುಕೋ.

ಹೆದರಿ ಬಚ್ಚಿಟ್ಟುಕೊಳ್ಳುವವನಲ್ಲ ನಾನು. 19ರ ಬುಧವಾರ, ಅಭ್ಯಾಸದ ಹೊತ್ತಿಗೆ ಬರುತ್ತೇನೆ. ಇಬ್ಬರನ್ನೂ ಇರಿಸು.

ರೇಫರ್ಡ್


ಹಾರ್ಲನ್ ಬೆಂಡ್
20 ಅಕ್ಟೋಬರ್ 1983

ಶ್ರೀ ಗ್ಯಾಂಟ್ ಅವರಿಗೆ,

ಇಬ್ಬರನ್ನೂ ಇರಿಸಿದ್ದೆ. ನಾನು ಕೇಳಿದರೆ ಟೈರಿ ಬರುತ್ತಿರಲಿಲ್ಲ. ಬರ್ಲ್ ಹೋಗಿ, "ನಿನ್ ಕತ್ತಿನ ಬಗ್ಗೆ ಪೇಪರ್‌ಗೆ ಹೇಳ್ದೋನ ಮೂತಿ ನೋಡೋಕೆ ಬರಲ್ವೇನೋ?" ಎಂದು ಕೇಳಿ ಕುರ್ಚಿ ತಳ್ಳಿಕೊಂಡು ಬಂದ. ಗೇಟಿನ ಒಳಗೆ, ಜಲ್ಲಿಯ ಮೇಲೆ ಕುರ್ಚಿ ನಿಲ್ಲಿಸಿದ. ಪಕ್ಕದಲ್ಲಿ ಲೆವೆಲ್. ತಂತಿ ಬಿಚ್ಚಿ ಒಂದು ವಾರವಾಗಿತ್ತು. ಇಬ್ಬರೂ ಒಬ್ಬರೊಂದಿಗೊಬ್ಬರು ಮಾತಾಡಲಿಲ್ಲ. ಗೇಟು ಪೂರ್ತಿ ತೆರೆದಿತ್ತು.

ನಿಮ್ಮ ಕಂದು ಬಣ್ಣದ ಕಾರು ಹತ್ತಿಯ ಮಿಲ್ಲಿನ ತಿರುವಿನಲ್ಲಿ ಕಂಡಿತು. ನಿಧಾನವಾಗಿ ಬಂತು. ಗೇಟಿನ ಹೊರಗೆ ನಿಂತಿತು. ಎಂಜಿನ್ ಆರಿಸಲಿಲ್ಲ, ಕಿಟಕಿ ಇಳಿಸಲಿಲ್ಲ. ಗಾಜಿನೊಳಗೆ ನಿಮ್ಮ ಟೋಪಿ ನನಗೆ ಕಾಣುತ್ತಿತ್ತು. ನೀವು ಟೈರಿಯನ್ನು ನೋಡುತ್ತಿದ್ದಿರಿ. ಆಮೇಲೆ ಕಾರು ಹಿಂದಕ್ಕೆ ಸರಿಯಿತು, ತಿರುಗಿತು, ಹೋಯಿತು.

"ಗ್ಯಾಂಟ್ ತಾನೇ ಅದು?" ಅಂದ ಬರ್ಲ್.

"ಹೌದು."

"ಥೂ! ಯಾಕೆ ತಿರುಗಿಸ್ದ?"

ಲೆವೆಲ್ ಇನ್ನೂ ಸರಿಯಾಗಿ ತೆರೆಯದ ಬಾಯಲ್ಲಿ, ಹಲ್ಲಿನ ಸಂದಿಯಿಂದ ಹೇಳಿದ, "ಹೆಜ್ಜೆ ಸದ್ದು ಕೇಳಿಸಿರ್ಬೇಕು."

ಟೈರಿ ಅವನ ಕಡೆ ತಿರುಗಿದ. ಏಪ್ರಿಲ್‌ನಿಂದ ಅವನ ಕಡೆ ತಿರುಗಿದ್ದು ಅದೇ ಮೊದಲು. "ಯಾರ ಹೆಜ್ಜೇನೋ ಮೂರ್ಖ? ನಾನು ಕೂತಿದ್ದೀನಿ."

ಲೆವೆಲ್ ನಕ್ಕ, ದವಡೆ ಹಿಡಿದುಕೊಂಡು, ನೋವಿನಿಂದ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಟೈರಿ "ನಗ್ಬೇಡ, ಮತ್ತೆ ಮುರೀತದೆ" ಎಂದು ಗದರಿದ. ಆಮೇಲೆ ಬರ್ಲ್‌ಗೆ ತನ್ನನ್ನು ಗೆರೆಯ ಹತ್ತಿರ ತಳ್ಳಲು ಹೇಳಿದ. ಅಲ್ಲಿಂದ ಕೂಗಿದ, "ಹದಿನೈದು ಯಾರ್ಡ್, ಒಳಕ್ಕೆ. ಯಾರೂ ಹೊಡಿಯೋಕ್ ಬರ್ತಿಲ್ಲ, ಬಗ್ಗೋದು ಕಲಿ ಮೊದ್ಲು. ಬಗ್ಗದಿದ್ರೆ ನಾನು ಮನೆಗೆ ಹೋಗ್ತೀನಿ."

ಲೆವೆಲ್ ಓಡಿದ. ಬರ್ಲ್ ಎಸೆದ. ಹಿಡಿದ. ಹಿಡಿದು, ಬಗ್ಗಿದ.

ಲೆವೆಲ್ ಇನ್ನು ಯಾರಿಗೂ ಏನೂ ತೋರಿಸಬೇಕಾಗಿಲ್ಲ ಎಂದುಕೊಂಡಿದ್ದೇನೆ. ನಿಮಗಂತೂ ಇಲ್ಲ.

ವರ್ನನ್ ಡೂಪ್ರೀ ಬಗ್ಗೆ ಕೇಳಿದ್ದಿರಿ. ಒಳ್ಳೆಯ ಹುಡುಗ. ಉಳಿದದ್ದನ್ನು ಗೇಟಿನ ಒಳಗೆ ಬಂದವರಿಗೆ ಹೇಳುತ್ತೇನೆ.

ಹೊಸೇಯಾ ಪರ್ನೆಲ್